ಮೂರು ಸೆಕೆಂಡಿನ ಸದ್ದು

ಕೆಂಚಕ್ಕನ ಪಿಕಪ್ ಗಾಡಿಯ ಸದ್ದು ಮೂರು ಊರಿನ ಮೆಕ್ಯಾನಿಕ್‌ಗಳಿಗೆ ಕೇಳಿಸಿರಲಿಲ್ಲ. ಚಿತ್ರದುರ್ಗದವನು ಊಹೆಯ ಮೇಲೆ ಫ್ಯಾನ್ ಬೆಲ್ಟ್ ಬದಲಿಸಿದ್ದ. ಹೊಸದುರ್ಗದವನು ಸೈಲೆನ್ಸರ್ ಮೇಲಿನ ತಗಡು ಸಡಿಲವಾಗಿದೆಯೆಂದು ಎರಡು ಬೋಲ್ಟು ಬಿಗಿ ಮಾಡಿದ್ದ. ಹಿರಿಯೂರಿನವನು ಬಾನೆಟ್ ಎತ್ತಿ, ಅರ್ಧ ಗಂಟೆ ಇಂಜಿನ್ ಓಡಿಸಿ ನೋಡಿ, "ಎಂಥ ಸದ್ದೂ ಇಲ್ಲಮ್ಮ, ನಿನ್ನ ಕಿವಿಯಾಗೇ ಏನೋ ಹೊಕ್ಕೈತೆ" ಎಂದು ಕಳಿಸಿಬಿಟ್ಟಿದ್ದ. ಮೂರು ಸಲವೂ ಮರುದಿನ ಬೆಳಿಗ್ಗೆ ಮನೆಯ ಮುಂದೆ ಕೀ ತಿರುಗಿಸಿದ ಕೂಡಲೇ ಸದ್ದು ಬಂದಿತ್ತು.

ಕೆಂಚಕ್ಕನದು ರಾಮಗಿರಿ ಗುಡ್ಡದ ಮಗ್ಗುಲಿನ ಗೊಲ್ಲರ ಹಟ್ಟಿ. ಇನ್ನೂರು ಕುರಿ, ನಾಲ್ಕು ಎಕರೆ ಹೊಲ. ನಾಲ್ಕು ವರ್ಷದ ಹಿಂದೆ ಕೊಂಡ ಹಳೇ ಡೀಸೆಲ್ ಪಿಕಪ್ಪನ್ನು ಮಗ ಗಿರೀಶ ಓಡಿಸುತ್ತಿದ್ದ. ಸಂತೆಗೆ ಕುರಿ, ಭೀಮಸಮುದ್ರದ ತೋಟಗಳಿಗೆ ಕುರಿಗೊಬ್ಬರ. ವಾರದಲ್ಲಿ ಐದು ದಿನ ಗಾಡಿಗೆ ಕೆಲಸವಿತ್ತು. ನಾಲ್ಕನೆಯ ಸಲ ಅವಳು ಮಗನ ಪಕ್ಕ ಕೂತು ಹೊಳಲ್ಕೆರೆಗೆ, ದಿಲಾವರನ ಗ್ಯಾರೇಜಿಗೆ ಬಂದಳು.

ದಿಲಾವರನಿಗೆ ಐವತ್ತೆಂಟು. ಮೂವತ್ತೈದು ವರ್ಷದಿಂದ ಅದೇ ಜಾಗದಲ್ಲಿ ಅದೇ ಕೆಲಸ. ಅವನ ಕಿವಿ ಊರಲ್ಲೆಲ್ಲ ಹೆಸರಾದದ್ದು. ಗಾಡಿ ರಸ್ತೆಯಿಂದ ಗ್ಯಾರೇಜಿಗೆ ತಿರುಗುವಷ್ಟರಲ್ಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಾನೆ ಎಂದು ಡ್ರೈವರುಗಳು ಮಾತಾಡಿಕೊಳ್ಳುತ್ತಿದ್ದರು. ಅವನ ಜೊತೆ ಅಕ್ಕನ ಮಗ ಅಕೀಬ್ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದ.

"ಎಂಗೆ ಬರ್ತೈತೆ ಸದ್ದು?" ದಿಲಾವರ್ ಕೇಳಿದ.

"ತಗಡಿನ ಡಬ್ಬೀಗೆ ಒಂದಿಡಿ ಹುಣಸೆಬೀಜ ಹಾಕಿ ಅಲ್ಲಾಡಿಸಿದಂಗೆ," ಎಂದಳು ಕೆಂಚಕ್ಕ. "ಬೆಳಿಗ್ಗೆ ಮೊದ್ಲು ಕೀ ತಿರುಗಿಸ್ದಾಗ ಮಾತ್ರ. ಒಂದು, ಎರಡು, ಮೂರು ಅನ್ನೋದ್ರಾಗೆ ನಿಂತೋಗತೈತೆ. ಆಮ್ಯಾಲೆ ಇಡೀ ದಿನ ಇಲ್ಲ."

"ಇಲ್ಲಿಗೆ ಬರೋವಾಗ?"

"ಇಲ್ಲಿಗೆ ಬರೋ ಹೊತ್ತಿಗೆ ಇಂಜಿನ್ ಬಿಸಿಯಾಗಿರ್ತೈತಲ್ಲ ಸಾಬ್ರೆ. ಅದ್ಕೇ ಯಾರೂ ನನ್ನ ನಂಬಲ್ಲ."

ದಿಲಾವರನಿಗೆ ಆ ಮಾತು ಹಿಡಿಸಿತು. ಗಾಡಿ ತಂದವರು ಸಾಮಾನ್ಯವಾಗಿ 'ಸೌಂಡ್ ಬರ್ತೈತೆ' ಎಂದಷ್ಟೇ ಹೇಳುತ್ತಾರೆ. ಈಕೆ ಸದ್ದಿನ ಜಾತಿ, ಹೊತ್ತು, ಅಳತೆ ಎಲ್ಲವನ್ನೂ ಹೇಳಿದ್ದಳು. ಗಾಡಿಯನ್ನು ಒಂದು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಹೋಗಲು ಹೇಳಿದ.

ಮರುದಿನ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ನಿಗೆ ಅಕೀಬ್ ಕೀ ತಿರುಗಿಸಿದ. ದಿಲಾವರ್ ಬಾನೆಟ್ ಮೇಲೆ ಬಗ್ಗಿ ನಿಂತಿದ್ದ. ಏನೂ ಬರಲಿಲ್ಲ. ಅಕೀಬ್ ಕೂಡ ತಲೆಯಾಡಿಸಿದ. "ಏನೂ ಇಲ್ಲ ಮಾಮೂ. ಚೊಕ್ಕವಾಗಿ ಎದ್ದಿತು."

ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಗಿರೀಶ ಗಾಡಿ ಒಯ್ಯಲು ಬಂದಾಗ ದಿಲಾವರ್ ಇನ್ನೊಂದು ಪ್ರಶ್ನೆ ಕೇಳಿದ. "ಮನೆ ಹತ್ರ ಎಲ್ಲಿ ನಿಲ್ಲಿಸ್ತೀಯಪ್ಪ ಇದನ್ನ?"

"ಹಟ್ಟಿ ಮುಂದೆ. ಅಲ್ಲಿ ಸ್ವಲ್ಪ ಏರು ಐತೆ. ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿ, ಹಿಂದ್ಲ ಗಾಲಿಗೆ ಕಲ್ಲು ಕೊಡ್ತೀನಿ."

ದಿಲಾವರ್ ಗ್ಯಾರೇಜಿನ ನೆಲ ನೋಡಿದ. ಸಿಮೆಂಟಿನ ಸಮತಟ್ಟು ನೆಲ. ಚಿತ್ರದುರ್ಗ, ಹಿರಿಯೂರುಗಳಲ್ಲೂ ಗಾಡಿ ನಿಂತದ್ದು ಇಂಥ ನೆಲದ ಮೇಲೇ ಇರಬೇಕು. ಇಂಜಿನ್ನಿನ ಮೂತಿಯ ಕಡೆ ಎಣ್ಣೆಯ ಒತ್ತಡದ ಮೇಲೆ ನಡೆಯುವ ಭಾಗ ಯಾವುದು ಎಂದು ಯೋಚಿಸಿದ. ಟೈಮಿಂಗ್ ಚೈನನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್. ಏರಿನಲ್ಲಿ ರಾತ್ರಿಯೆಲ್ಲ ನಿಂತರೆ ಅದರ ಎಣ್ಣೆ ಹಿಂದಕ್ಕೆ ಇಳಿದುಹೋಗಬಹುದು. ಬೆಳಿಗ್ಗೆ ಎಣ್ಣೆ ಮತ್ತೆ ಏರುವವರೆಗೆ ಚೈನು ಸಡಿಲ. ಆ ಚೈನೇನಾದರೂ ಒಂದು ಹಲ್ಲು ಜಾರಿದರೆ ಮೇಲೆ ವಾಲ್ವು, ಕೆಳಗೆ ಪಿಸ್ಟನ್, ಎರಡೂ ಗುದ್ದಿಕೊಂಡು ಇಂಜಿನ್ನೇ ಹೋಗುತ್ತದೆ. ಆದರೆ ಇದೆಲ್ಲ ಬರೀ ಊಹೆ. ಊಹೆಯ ಮೇಲೆ ಇಂಜಿನ್ ಬಿಚ್ಚುವ ಅಭ್ಯಾಸ ಅವನಿಗಿರಲಿಲ್ಲ.

"ನಾಳೆ ಬೆಳಿಗ್ಗೆ ನಾನೇ ಬರ್ತೀನಿ," ಎಂದ. "ನಾನು ಬರೋಗಂಟ ಕೀ ಮುಟ್ಟಬೇಡ."

ಮರುದಿನ ಆರೂವರೆಗೆ ಅವನ ಸ್ಕೂಟರ್ ಹಟ್ಟಿಯ ಮುಂದೆ ನಿಂತಿತು. ಪಿಕಪ್ಪು ಗಿರೀಶ ಹೇಳಿದಂತೆಯೇ ಮೂತಿ ಎತ್ತಿಕೊಂಡು ನಿಂತಿತ್ತು. ಗಿರೀಶನ ಹೆಂಡತಿ ಲತಾ ಅಂಗಳ ಗುಡಿಸುತ್ತಿದ್ದಳು. ಕೆಂಚಕ್ಕ ದೊಡ್ಡಿಯ ಬೇಲಿ ದಾಟಿ ಬಂದು ಗಾಡಿಯಿಂದ ನಾಲ್ಕು ಮಾರು ದೂರದಲ್ಲಿ ನಿಂತಳು. ದಿಲಾವರ್ ಬಾನೆಟ್ ಎತ್ತಿ, ಉಸಿರು ಬಿಗಿಹಿಡಿದು, ಗಿರೀಶನಿಗೆ ಕೈಸನ್ನೆ ಮಾಡಿದ.

ಇಂಜಿನ್ ಎದ್ದಿತು. ಡೀಸೆಲ್ ಇಂಜಿನ್ನಿನ ದಪ್ಪ ಗುಡುಗುಡು ಬಿಟ್ಟರೆ ಅವನಿಗೆ ಬೇರೇನೂ ಕೇಳಿಸಲಿಲ್ಲ.

"ಕೇಳ್ತಾ?" ಗಿರೀಶ ಕಿಟಕಿಯಿಂದ ತಲೆ ಹಾಕಿದ. ಅಂಗಳದಲ್ಲಿದ್ದ ಲತಾ ಪೊರಕೆ ಹಿಡಿದುಕೊಂಡೇ, "ಇವತ್ತು ಮೊನ್ನೆಗಿಂತ ಜೋರಾಗಿತ್ತು," ಎಂದಳು.

ದಿಲಾವರ್ ಬಾನೆಟ್ಟಿನ ಅಂಚು ಹಿಡಿದು ನಿಂತ. ಅಷ್ಟು ದೂರದಲ್ಲಿದ್ದ ಹುಡುಗಿಗೆ ಕೇಳಿಸಿದ್ದು ಇಂಜಿನ್ನಿನ ಮೇಲೆ ಬಗ್ಗಿದ್ದ ತನಗೆ ಕೇಳಿಸಿರಲಿಲ್ಲ.

"ಹೂಂ, ಕೇಳ್ತು," ಎಂದ.

ಹೇಳಿದ ಮೇಲೆ ಏನು ಮಾಡಬೇಕೆಂದು ಅವನಿಗೇ ತಿಳಿಯಲಿಲ್ಲ. ಕೇಳಿಸಿದ್ದರೆ ಎಲ್ಲಿಂದ ಬಂತು ಎಂದು ಹೇಳಬೇಕಿತ್ತು. ಎಡಗಡೆಯಿಂದಲೋ, ಬಲಗಡೆಯಿಂದಲೋ, ಮೇಲಿಂದಲೋ, ಕೆಳಗಿಂದಲೋ. ಇಂಜಿನ್ ಆರಿಸಲು ಹೇಳಿ, "ಇನ್ನೊಂದ್ಸಲ ಕೇಳಬೇಕು. ಅದಕ್ಕೆ ಇದು ಮತ್ತೆ ತಣ್ಣಗಾಗಬೇಕು. ಮಧ್ಯಾಹ್ನದಗಂಟ ಇಲ್ಲೇ ಇರ್ತೀನಿ," ಎಂದ.

"ಇರ್ರಿ. ಹುಣಸೆಮರದಡಿ ಕುಂತ್ಕಳ್ರಿ," ಎಂದಳು ಕೆಂಚಕ್ಕ.

ಕುಳಿತಿರಲು ಅವನಿಂದಾಗಲಿಲ್ಲ. ಇಂಜಿನ್ ಸ್ವಲ್ಪ ಆರಿದ ಮೇಲೆ ಫ್ಯಾನ್ ಬೆಲ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟ. ಮುಂದಿನ ಸಲ ಬೆಲ್ಟಿಲ್ಲದೆ ಎರಡು ನಿಮಿಷ ಓಡಿಸಿದರೆ ಸಾಕು. ಸದ್ದು ಹೋದರೆ ಬೆಲ್ಟಿನಿಂದ ತಿರುಗುವ ಡೈನಮೋ, ನೀರಿನ ಪಂಪು ಇವುಗಳಲ್ಲೊಂದರ ತಪ್ಪು. ಹೋಗದಿದ್ದರೆ ಅವೆಲ್ಲ ಪಾರು. ಲೆಕ್ಕಾಚಾರ ಸರಿಯಾಗಿತ್ತು. ಆದರೆ ಸದ್ದು ಹೋಯಿತೋ ಇಲ್ಲವೋ ಎಂದು ತಿಳಿಯುವ ಕಿವಿ ಬೇಕಿತ್ತು.

ಹತ್ತು ಗಂಟೆಗೆ ಲತಾ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಜ್ಜಿಗೆ ತಂದಿಟ್ಟಳು. ಕೆಂಚಕ್ಕ ಕಂಬಳಿಯ ನೂಲು ತೆಗೆಯುತ್ತಾ ಎದುರಿಗೆ ಕೂತಳು. ಮಾತಿನ ನಡುವೆ ಒಮ್ಮೆ ಕೈ ನಿಲ್ಲಿಸಿ ದೊಡ್ಡಿಯ ಕಡೆ ತಿರುಗಿದಳು.

"ಆ ಕರಿಮೂತಿ ಮರಿಗೆ ಕೆಮ್ಮು ನಿಂತಿಲ್ಲ. ಇವತ್ತು ಔಷಧ ಹಾಕಬೇಕು," ಎಂದು ಸೊಸೆಗೆ ಕೂಗಿ ಹೇಳಿದಳು. ಆಮೇಲೆ ದಿಲಾವರನ ಮುಖ ನೋಡಿ, ದನಿ ತಗ್ಗಿಸಿ ಕೇಳಿದಳು. "ಸಾಬ್ರೆ, ಬೆಳಿಗ್ಗೆ ನಿಮಗೆ ಕೇಳಿಸ್ಲಿಲ್ಲ ಅಲ್ವಾ?"

ದಿಲಾವರ್ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ಹಿಡಿದ.

"ಸದ್ದು ಬಂದ್ರೆ ಕುರಿಯಾಗ್ಲಿ ಮನುಷ್ಯರಾಗ್ಲಿ ಕಣ್ಣು ಅತ್ತ ಹೊರಳತೈತೆ," ಎಂದಳು ಅವಳು. "ನನ್ನ ಮಗ ಹೊರಳಿಸಿದ, ಸೊಸೆ ಹೊರಳಿಸಿದಳು. ನಿಮ್ಮ ಕಣ್ಣು ಅಲುಗಲೇ ಇಲ್ಲ. ಈಗ ಮರಿ ಕೆಮ್ಮಿದ್ದೂ ನಿಮಗೆ ಗೊತ್ತಾಗ್ಲಿಲ್ಲ."

ಕಳೆದೊಂದು ವರ್ಷದ ಸಣ್ಣಪುಟ್ಟ ಸಂಗತಿಗಳು ಒಂದೊಂದಾಗಿ ನೆನಪಾದವು. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಹೆಂಡತಿ ತಾಹೇರಾ ಕೇಳಿದಾಗ ಅವನು ಕುಕ್ಕರ್ ಇಟ್ಟದ್ದೇ ತಿಳಿದಿಲ್ಲವೆಂದು ನಕ್ಕಿದ್ದ. ಫೋನ್ ರಿಂಗಾಗುತ್ತಿದೆ ಎಂದು ಅಕೀಬ್ ಪ್ರತಿ ಸಲ ಹೇಳಬೇಕಾಗುತ್ತಿತ್ತು. ಗ್ಯಾರೇಜಿನ ಗದ್ದಲದಲ್ಲಿ ಇದು ಸಹಜ ಎಂದುಕೊಂಡಿದ್ದ.

"ದಪ್ಪ ಸದ್ದು ಎಲ್ಲಾ ಕೇಳತೈತೆ ಕೆಂಚಕ್ಕ," ಎಂದ ಕೊನೆಗೆ. "ಸಣ್ಣದು ಹೋಗೈತೆ ಅಂತ ಕಾಣತೈತೆ. ಇವತ್ತಿನಗಂಟ ನಾನೇ ನನಗೆ ಹೇಳ್ಕಂಡಿರ್ಲಿಲ್ಲ. ಸುಳ್ಳು ಹೇಳಿದ್ದು ತಪ್ಪಾಯ್ತು."

"ಅದಿರ್ಲಿ ಬಿಡ್ರಿ. ನನಗೆ ಕೇಳಿಸ್ತೈತೆ, ಆದ್ರೆ ಅದು ಏನು ಅಂತ ಗೊತ್ತಿಲ್ಲ. ನಿಮಗೆ ಗೊತ್ತೈತೆ, ಕೇಳ್ಸಲ್ಲ. ಇಬ್ಬರೂ ಸೇರಿ ನೋಡಾಣ."

ದಿಲಾವರ್ ನಕ್ಕುಬಿಟ್ಟ. ಎದೆಯ ಮೇಲಿಂದ ಏನೋ ಇಳಿದಂತಾಯಿತು. ಆದರೆ ಒಂದು ತೊಡಕಿತ್ತು. ಸದ್ದು ಬರುವುದು ಮೂರೇ ಸೆಕೆಂಡು. ಒಬ್ಬರೇ ಅಷ್ಟರಲ್ಲಿ ಒಂದು ಕಡೆ ಮಾತ್ರ ಕೇಳಬಹುದು, ಆಮೇಲೆ ಮತ್ತೆ ಅರ್ಧ ದಿನ ಕಾಯಬೇಕು. ಹಾಗಾಗಿ ಅವನು ಚೀಲದಿಂದ ರಬ್ಬರ್ ಪೈಪು ತೆಗೆದು ಚಾಕುವಿನಿಂದ ಮಾರುದ್ದದ ಎರಡು ತುಂಡು ಮಾಡಿದ. ಒಂದು ಕೆಂಚಕ್ಕನಿಗೆ, ಒಂದು ಲತಾಗೆ.

"ಡಾಕ್ಟ್ರು ಎದೆಗೆ ಇಡ್ತಾರಲ್ಲ, ಅಂಗೇ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ನಾನು ತೋರಿಸಿದ ಕಡೆ. ಸೆರಗು, ಜಡೆ ಎಲ್ಲಾ ಕಟ್ಕಳ್ರಿ. ತಿರುಗೋ ಯಾವುದ್ರ ಹತ್ರಾನೂ ಕೈ ಹೋಗಬಾರ್ದು."

ಲತಾಗೆ ನಗು ತಡೆಯಲಾಗಲಿಲ್ಲ. ಕೆಂಚಕ್ಕ ಮಾತ್ರ ಪೈಪನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮೊದಲು ಹುಣಸೆಮರಕ್ಕೆ, ಆಮೇಲೆ ನಾಯಿಯ ಹೊಟ್ಟೆಗೆ, ಆಮೇಲೆ ಸೊಸೆಯ ಬೆನ್ನಿಗೆ ಇಟ್ಟು ಕೇಳಿ ನೋಡಿದಳು. "ನಾಯಿ ಹೊಟ್ಟೇಲಿ ಬಲೇ ಗದ್ದಲ ಐತೆ," ಎಂದಳು.

ಮಧ್ಯಾಹ್ನ ಮೂರಕ್ಕೆ ಇಂಜಿನ್ ಮುಟ್ಟಿದರೆ ತಣ್ಣಗಿತ್ತು. ಇಂಜಿನ್ನಿಗೆ ಡೀಸೆಲ್ ಒದಗಿಸುವ ಪಂಪಿಗೆ ಪೈಪು ಹಿಡಿದು ಲತಾ ನಿಂತಳು. ಇಂಜಿನ್ನಿನ ಮೂತಿಯಲ್ಲಿ, ಚೈನನ್ನು ಮುಚ್ಚಿದ ಅಲ್ಯೂಮಿನಿಯಂ ಕವರಿನ ಮೇಲೆ ಕೆಂಚಕ್ಕ ಪೈಪು ಇಟ್ಟಳು. ದಿಲಾವರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದೇ ಕವರಿನ ಮೇಲ್ಭಾಗಕ್ಕೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಅವನ ಗುರು ಹಳೇ ಲಾರಿಗಳಿಗೆ ಹಾಗೆ ಮಾಡುತ್ತಿದ್ದುದನ್ನು ಇಪ್ಪತ್ತರ ವಯಸ್ಸಿನಲ್ಲಿ ಕಂಡು ಅವನು ಹಾಸ್ಯ ಮಾಡಿದ್ದ.

ಗಿರೀಶ ಕೀ ತಿರುಗಿಸಿದ.

ಕೇಳಿಸಿತು ಎನ್ನುವುದಕ್ಕಿಂತ ಹಲ್ಲಿಗೆ ತಾಕಿತು ಎನ್ನಬೇಕು. ಸಣ್ಣನೆಯ, ಚುರುಕಾದ, ಕಲ್ಲು ಕಡಿದಂಥ ನಡುಕ. ದವಡೆಯಿಂದ ಹಣೆಯವರೆಗೆ ಬಂತು. ಒಂದು, ಎರಡು, ಮೂರು. ಒಮ್ಮೆಲೇ ನಿಂತುಹೋಯಿತು. ಕೆಂಚಕ್ಕ ಕಣ್ಣರಳಿಸಿ ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದಳು.

"ನನ್ನ ಕಡೆ ಬರೀ ಟಕಟಕ ಅಂತಿತ್ತು," ಎಂದಳು ಲತಾ.

"ಇಲ್ಲಿ, ಇದರೊಳಗೇ," ಕೆಂಚಕ್ಕ ಕವರನ್ನು ತಟ್ಟಿದಳು. "ಹುಣಸೆಬೀಜ ಅಲ್ಲ ಸಾಬ್ರೆ. ಹತ್ರದಿಂದ ಕೇಳಿದ್ರೆ ಸರಪಳಿ ತಗಡಿಗೆ ಬಡಿದಂಗೈತೆ."

ಚೈನಿನ ವಿಷಯವನ್ನು ದಿಲಾವರ್ ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಒಳಗೇನಿದೆ ಎಂದು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ. ಕೆಳಗೊಂದು ಹಲ್ಲಿನ ಚಕ್ರ, ಮೇಲೊಂದು ಹಲ್ಲಿನ ಚಕ್ರ, ಎರಡನ್ನೂ ಸುತ್ತಿದ ಸೈಕಲ್ ಚೈನಿನಂಥ ಚೈನು. ಅದು ಬಡಿದಾಡದಂತೆ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿಗಳು. ಎಣ್ಣೆಯ ಬಲದಿಂದ ಅದನ್ನು ಹಿಂದಿನಿಂದ ಒತ್ತುವ ಟೆನ್ಷನರ್, ರಾತ್ರಿ ಏರಿನಲ್ಲಿ ನಿಂತಾಗ ಅದರಿಂದ ಇಳಿದುಹೋಗುವ ಎಣ್ಣೆ. ಬೆಲ್ಟು ಬಿಚ್ಚಿದ್ದರೂ ಸದ್ದು ಬಂದದ್ದರಿಂದ ಹೊರಗಿನ ಭಾಗಗಳ ಪ್ರಶ್ನೆಯೇ ಇರಲಿಲ್ಲ.

"ಎಣ್ಣೆ ಯಾಕೆ ಇಳಿದುಹೋಗ್ತೈತೆ?" ಕೆಂಚಕ್ಕ ಕೇಳಿದಳು.

ಅದೇ ಪ್ರಶ್ನೆ ದಿಲಾವರನಿಗೂ ಇತ್ತು. ಆಯಿಲ್ ಫಿಲ್ಟರ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದ. ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ರಬ್ಬರ್ ಮುಚ್ಚಳ ಅದರಲ್ಲಿ ಇರಲೇ ಇಲ್ಲ. ಹೊರಗಿನಿಂದ ನೋಡಲು ಒಳ್ಳೆಯ ಫಿಲ್ಟರಿನಂತೆಯೇ ಇದ್ದ ನಕಲಿ ಮಾಲು. ಚೀಲದಲ್ಲಿದ್ದ ಹೊಸದನ್ನು ಹಾಕಿ, ಬೆಲ್ಟು ಕಟ್ಟಿ, ಬೆಳಿಗ್ಗೆ ಸದ್ದು ಕೇಳಿ ಫೋನ್ ಮಾಡಲು ಹೇಳಿ ಹೊರಟ. ಅಷ್ಟಕ್ಕೇ ಸರಿಹೋದರೆ ಎಂಬ ಆಸೆ ಅವನಿಗಿತ್ತು.

ಬೆಳಿಗ್ಗೆ ಫೋನ್ ಬಂದಾಗ ಅಕೀಬ್ ಎತ್ತಿ ಅವನ ಕೈಗೆ ಕೊಟ್ಟ.

"ಒಂದು ಅನ್ನೋದ್ರಾಗೆ ನಿಂತೋಯ್ತು," ಎಂದಳು ಕೆಂಚಕ್ಕ. "ಆದ್ರೆ ಬಂತು."

"ಹಂಗಾರೆ ಚೈನೂ ಸವೆದು ಉದ್ದ ಬೆಳೆದೈತೆ. ಗಾಡಿ ತರ್ರಿ. ಲೋಡು ಹಾಕಬ್ಯಾಡ್ರಿ, ನಿಧಾನಕ್ಕೆ ಬರ್ರಿ."

ಗಾಡಿ ಬರುವ ಮೊದಲೇ ದಿಲಾವರ್ ಅಕೀಬನನ್ನು ಕೂರಿಸಿ ಕಿವಿಯ ವಿಷಯ ಹೇಳಿದ. ಅಕೀಬ್ ಕೈ ಒರೆಸುತ್ತಾ ಕೇಳಿದ.

"ನನಗೆ ಗೊತ್ತಿತ್ತು ಮಾಮೂ," ಎಂದ. "ಎಂಗೆ ಹೇಳೋದು ಅಂತ ತಿಳೀಲಿಲ್ಲ. ಆರು ತಿಂಗಳಿಂದ ನೀವು ನೋಡಿದ ಗಾಡೀನ ನಾನು ಸಂಜೆ ಇನ್ನೊಂದ್ಸಲ ಕೇಳಿ ಕಳಿಸ್ತಿದ್ದೆ."

ದಿಲಾವರನಿಗೆ ಮೊದಲು ಮುಖ ಕೆಂಪಾಯಿತು. ಆಮೇಲೆ, ಈ ಆರು ತಿಂಗಳಲ್ಲಿ ಒಂದು ಗಾಡಿಯೂ ದೂರು ಹೊತ್ತು ವಾಪಸ್ ಬಾರದಿದ್ದುದರ ಕಾರಣ ತಿಳಿಯಿತು. ಅವನು ಸೋದರಳಿಯನ ಭುಜದ ಮೇಲೆ ಕೈಯಿಟ್ಟು ಎದ್ದ.

ಇಬ್ಬರೂ ಸೇರಿ ಎರಡು ದಿನ ಕೆಲಸ ಮಾಡಿದರು. ರೇಡಿಯೇಟರ್ ಇಳಿಸಿ, ಪುಲ್ಲಿ ಎಳೆದು, ಮುಂದಿನ ಕವರ್ ಬಿಚ್ಚಿದರು. ಕೆಂಚಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದಳು. ಟೆನ್ಷನರಿನ ಕಡ್ಡಿ ತನ್ನ ಕೊನೆಯವರೆಗೂ ಹೊರಚಾಚಿತ್ತು. ಇನ್ನು ಒತ್ತಲು ಅದಕ್ಕೆ ಜಾಗವಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿಯೊಂದರ ತುದಿ ಮುರಿದುಹೋಗಿತ್ತು.

"ಮುರಿದ ತುಂಡೆಲ್ಲಿ?" ಕೆಂಚಕ್ಕ ಕೇಳಿದಳು.

ದಿಲಾವರ್ ಅಕೀಬನ ಮುಖ ನೋಡಿದ. ಸರಿಯಾದ ಪ್ರಶ್ನೆ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪ್ ಕೂಡ ಇಳಿಸಿದರು. ತುಂಡುಗಳು ಎಣ್ಣೆ ಹೀರುವ ಜಾಲರಿಗೆ ಅಂಟಿಕೊಂಡಿದ್ದವು, ಉಗುರಿನಷ್ಟಗಲದ ಮೂರು ಚೂರು. ಅವು ಇನ್ನಷ್ಟು ಸೇರಿದ್ದರೆ ಎಣ್ಣೆಯೇ ಏರದೆ ಇಂಜಿನ್ ಕಚ್ಚಿಕೊಳ್ಳುತ್ತಿತ್ತು.

ಹೊಸ ಚೈನು ಬಂದಾಗ ದಿಲಾವರ್ ಎರಡನ್ನೂ ಅಡ್ಡಡ್ಡ ಹಿಡಿದು ತೋರಿಸಿದ. ಹೊಸದು ಕೋಲಿನಂತೆ ನೇರ ನಿಂತಿತು. ಹಳೆಯದು ಬಾಗಿ ಜೋತುಬಿತ್ತು. ಕೆಂಚಕ್ಕ ಹಳೆಯದನ್ನು ಕೈಗೆ ತೆಗೆದುಕೊಂಡು ಒಂದೊಂದು ಕೊಂಡಿಯನ್ನೂ ಅಲುಗಿಸಿ ನೋಡಿದಳು. "ಒಂದೊಂದರಾಗೂ ಕೂದಲೆಳೆಯಷ್ಟೇ ಸವೆದೈತೆ," ಎಂದಳು. "ಎಲ್ಲಾ ಸೇರಿ ಇಷ್ಟಾಗೈತೆ."

ಚಕ್ರಗಳ ಮೇಲಿನ ಗುರುತಿಗೂ ಚೈನಿನ ಬಣ್ಣದ ಕೊಂಡಿಗೂ ಹೊಂದಿಸಿ, ಹೊಸ ಪಟ್ಟಿ, ಹೊಸ ಟೆನ್ಷನರ್ ಕೂರಿಸಿದರು. ಕೀ ತಿರುಗಿಸಿ ಓಡಿಸುವ ಮೊದಲು ದಿಲಾವರ್ ಸ್ಪ್ಯಾನರ್ ಹಾಕಿ ಇಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ಪೂರ್ತಿ ತಿರುಗಿಸಿದ. ಎಲ್ಲಿಯೂ ತಡೆಯಲಿಲ್ಲ. ಚಕ್ರಗಳ ಗುರುತುಗಳು ಮತ್ತೆ ಅದೇ ಜಾಗಕ್ಕೆ ಬಂದು ನಿಂತವು. ಅಕೀಬ್ ಕವರ್ ಮುಚ್ಚಿದ.

ನಡುವೆ ಮಂಗಳವಾರ ತಾಹೇರಾ ಗಂಡನನ್ನು ಚಿತ್ರದುರ್ಗದ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ದಪ್ಪ ಸದ್ದಿಗೆ ಅವನು ಬೇಗಬೇಗ ಒತ್ತಿದ. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತ. ಮುಗಿದಿದೆ ಎಂದುಕೊಂಡಿದ್ದ. ಹೊರಬಂದಾಗ, ಅಷ್ಟು ಹೊತ್ತೂ ಸದ್ದು ಬರುತ್ತಲೇ ಇತ್ತೆಂದು ತಿಳಿಯಿತು. ಮೂವತ್ತೈದು ವರ್ಷದ ಸುತ್ತಿಗೆ, ಇಂಜಿನ್ನುಗಳ ಫಲ. ಹೋದದ್ದು ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳುತ್ತದೆ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸ್ ಬರುವಾಗ ದಿಲಾವರ್ ಆ ಕಾಗದದ ಮೇಲಿನ ಗೆರೆಯನ್ನೇ ನೋಡುತ್ತಿದ್ದ. ಎಡದಿಂದ ಬಲಕ್ಕೆ ಬಂದು, ಒಂದು ಕಡೆ ಬಂಡೆಯಂಚಿನಂತೆ ಕೆಳಗೆ ಇಳಿದಿತ್ತು. ಯಾವ ಸದ್ದು ಎಲ್ಲಿ ನಿಂತಿದೆ ಎಂದು ಹೀಗೆ ಬರೆದು ತೋರಿಸಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಗಾಡಿ ಹಟ್ಟಿಗೆ ಹೋದ ಮರುದಿನ ಬೆಳಿಗ್ಗೆ ದಿಲಾವರ್ ಮತ್ತೆ ರಾಮಗಿರಿಗೆ ಹೋದ. ಈ ಸಲ ಅಕೀಬನೂ ಜೊತೆಗಿದ್ದ. ಪಿಕಪ್ಪು ಏರಿನಲ್ಲಿ ಮೂತಿ ಎತ್ತಿ ನಿಂತಿತ್ತು. ದಿಲಾವರ್ ಬಾನೆಟ್ ಎತ್ತಲಿಲ್ಲ. ಕೆಂಚಕ್ಕನ ಪಕ್ಕ ಹೋಗಿ ನಿಂತು ಅವಳ ಮುಖವನ್ನೇ ನೋಡಿದ. ಗಿರೀಶ ಕೀ ತಿರುಗಿಸಿದ.

ಒಂದು, ಎರಡು, ಮೂರು. ಕೆಂಚಕ್ಕನ ಕಣ್ಣು ಎತ್ತಲೂ ಹೊರಳಲಿಲ್ಲ.

"ಇಲ್ಲ," ಎಂದಳು. "ಹೋಗೈತೆ." ಅಕೀಬನೂ ಹೌದೆಂದು ತಲೆಯಾಡಿಸಿದ.

ಗಿರೀಶ ಗಾಲಿಯ ಕಲ್ಲು ತೆಗೆದು, ಗಾಡಿಯನ್ನು ನಿಧಾನಕ್ಕೆ ಹಿಂದಕ್ಕೆ ಇಳಿಸತೊಡಗಿದ. ಭೀಮಸಮುದ್ರಕ್ಕೆ ಗೊಬ್ಬರ ತುಂಬಬೇಕಿತ್ತು. ಗಾಡಿ ತಮ್ಮ ಮುಂದೆ ಹಾಯುವಾಗ ಕೆಂಚಕ್ಕ ಕೈಯೆತ್ತಿ ನಿಲ್ಲಿಸಿದಳು.

"ತಡಿ ಲೇ. ಹಿಂದ್ಲ ಎಡಗಾಲಿ ಕುಂಯ್ ಅಂತೈತೆ."

ದಿಲಾವರ್ ಅಕೀಬನ ಕಡೆ ನೋಡಿದ. "ಅಂತೈತಾ?"

ಅಕೀಬ್ ಹತ್ತಿರ ಹೋಗಿ, ಗಾಡಿಯನ್ನು ಒಂದು ಗಜ ಮುಂದೆ, ಒಂದು ಗಜ ಹಿಂದೆ ಮಾಡಿಸಿ, ಬಗ್ಗಿ ಕೇಳಿದ. "ಅಂತೈತೆ ಮಾಮೂ. ಬಲು ಸಣ್ಣಗೆ. ಬ್ರೇಕು ಇರಬಹುದು, ಬೇರಿಂಗೂ ಇರಬಹುದು."

"ಯಾವಾಗಿಂದ ಐತೆ ಕೆಂಚಕ್ಕ? ಲೋಡು ಇದ್ದಾಗ ಜಾಸ್ತಿಯೋ, ಖಾಲಿ ಇದ್ದಾಗ ಜಾಸ್ತಿಯೋ?" ಎಂದು ಕೇಳುತ್ತಾ ದಿಲಾವರ್ ಆ ಗಾಲಿಯ ಪಕ್ಕ ಮಂಡಿಯೂರಿ ಕೂತು, ಅಂಗೈಯನ್ನು ಅದರ ನಡುವಿನ ಉಬ್ಬಿನ ಮೇಲೆ ಇಟ್ಟ.